ಕಂತಿನ ತಾಲೀಮು

‘ಈಗಲೇ ಮನೆ ಕೊಳ್ಳೋಣವೇ, ಇನ್ನೆರಡು ವರ್ಷ ಕಾಯೋಣವೇ?’ ಬೆಂಗಳೂರಿನ ಎಷ್ಟೋ ಬಾಡಿಗೆ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಏಳುವ ಪ್ರಶ್ನೆ ಇದು. ಬೆಲೆ ಏರುತ್ತದೋ ಇಳಿಯುತ್ತದೋ, ಹೇಳುವವರು ಯಾರು? ನಮ್ಮ ಶಕ್ತಿ ಎಷ್ಟೆಂದು ಮಾತ್ರ ನೋಡಿಕೊಳ್ಳಬಹುದು.

ಅದಕ್ಕೊಂದು ತಾಲೀಮು ಇದೆ. 50 ಲಕ್ಷ ರೂಪಾಯಿ ಸಾಲ, ಶೇಕಡ 8.5 ಬಡ್ಡಿ, 20 ವರ್ಷ ಎಂದುಕೊಳ್ಳಿ. ತಿಂಗಳ ಕಂತು ಸುಮಾರು 43,400 ರೂಪಾಯಿ. ಈಗಿನ ಬಾಡಿಗೆ 20,000 ಎನ್ನಿ. ಉಳಿದ 23,400 ರೂಪಾಯಿಯನ್ನು ಸಂಬಳ ಬಂದ ದಿನವೇ ಆರ್.ಡಿ. ಖಾತೆಗೆ ಕಟ್ಟಿ. ಆರು ತಿಂಗಳು ಹೀಗೇ ನಡೆಸಿ. ಶಾಲೆಯ ಫೀಸು, ಹಬ್ಬ, ಆಸ್ಪತ್ರೆ ಎಲ್ಲವನ್ನೂ ತೂಗಿಸಿಕೊಂಡು ಸಂಸಾರ ಸಾಗಿದರೆ, ಮನೆ ನೋಡಲು ಹೊರಡಿ. ಕೈ ಕಟ್ಟಿದಂತಾದರೆ ಕಾಯಿರಿ. ಕೂಡಿಟ್ಟ ಹಣ ಮುಂಗಡಕ್ಕೆ ಸೇರುತ್ತದೆ, ಸಾಲ ಅಷ್ಟು ತಗ್ಗುತ್ತದೆ.

ಪಕ್ಕದವರು ಕೊಂಡರೆಂಬ ಆತುರ ಬೇಡ. ಮನೆ ಕೊಳ್ಳುವ ಮುಹೂರ್ತವನ್ನು ನಮ್ಮ ಖರ್ಚಿನ ಲೆಕ್ಕವೇ ಹೇಳಲಿ.