ಬಿಳುಪಿನ ಬೆಲೆ

ಬಿಳಿಯ ಹಾಳೆಯ ಮೇಲೆ ಅಕ್ಷರ ಎದ್ದು ಕಾಣುತ್ತದೆ. ಆ ಬಿಳುಪು ಮರಕ್ಕಾಗಲಿ ಬಿದಿರಿಗಾಗಲಿ ಸಹಜವಾದುದಲ್ಲ. ಬೇಯಿಸಿ ತೆಗೆದ ತಿರುಳು ಕಂದುಬಣ್ಣದ್ದು. ಅದರಲ್ಲಿ ಉಳಿದ ಲಿಗ್ನಿನ್ ಎಂಬ ವಸ್ತು ಆ ಬಣ್ಣಕ್ಕೆ ಕಾರಣ. ಅದನ್ನು ಕಳೆಯುವ ಕ್ರಿಯೆಗೆ ಕನ್ನಡದಲ್ಲಿ ಚೆಲುವೆ ಎಂಬ ಹೆಸರುಂಟು. ಹೆಸರೇನೋ ಸೊಗಸಾಗಿದೆ; ಆದರೆ ಅದಕ್ಕೆ ಬಳಸುವ ಅನಿಲಗಳು ಉಸಿರಿಗೆ ಹಗೆ. ಭದ್ರಾವತಿ, ದಾಂಡೇಲಿಗಳಂಥ ಊರುಗಳನ್ನು ಕಾಗದದ ಹೆಸರಿನೊಡನೆಯೇ ನೆನೆಯುವ ನಾವು, ಈ ಕಸುಬಿನವರ ಶ್ವಾಸಕೋಶದ ವಿಚಾರವನ್ನೂ ಅಷ್ಟಿಷ್ಟು ತಿಳಿದಿರುವುದು ಉಚಿತ.

ಕ್ಲೋರಿನ್ ಅನಿಲವನ್ನು 1774ರಲ್ಲಿ ಮೊದಲು ತಯಾರಿಸಿದವನು ಸ್ವೀಡನ್ನಿನ ಶೀಲೆ. ಅದರಿಂದ ಬಟ್ಟೆಯನ್ನು ಬಿಳಿದಾಗಿಸಬಹುದೆಂದು 1785ರ ಸುಮಾರಿಗೆ ಫ್ರಾನ್ಸಿನ ಬರ್ಥೊಲೆ ತೋರಿಸಿದ. ಅದುವರೆಗೆ ಯುರೋಪಿನಲ್ಲಿ ಬಟ್ಟೆಯನ್ನು ವಾರಗಟ್ಟಲೆ ಹುಲ್ಲುಗಾವಲಿನಲ್ಲಿ ಬಿಸಿಲಿಗೆ ಹರಡಬೇಕಾಗಿತ್ತು. ಬಿಸಿಲಿನ ಕೆಲಸವನ್ನು ಅನಿಲ ವಹಿಸಿಕೊಂಡಿತು. ಅದೇ ಅನಿಲ 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ರಣರಂಗದಲ್ಲಿ ಅಸ್ತ್ರವೂ ಆಯಿತು.

ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಸೋರಿದರೆ ತಗ್ಗಿನಲ್ಲಿ ಮಡುಗಟ್ಟುತ್ತದೆ. ಮೂಗು ಗಂಟಲುಗಳ ತೇವದೊಡನೆ ಕೂಡಿ ಆಮ್ಲವಾಗುತ್ತದೆ. ಕಣ್ಣು ಉರಿಯುತ್ತದೆ, ಕೆಮ್ಮು ಒತ್ತರಿಸುತ್ತದೆ. ಹೆಚ್ಚು ಹೊಕ್ಕರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಅದು ಕೆಲವೊಮ್ಮೆ ಹಲವು ಗಂಟೆಗಳ ತರುವಾಯ ಕಾಣಿಸಿಕೊಳ್ಳುತ್ತದೆ. ಆದ್ದರಿಂದಲೇ "ಈಗ ಸರಿಹೋಯಿತು" ಎಂದು ಮನೆಗೆ ಹೊರಟವನನ್ನು ವೈದ್ಯರು ನೋಡಲೇಬೇಕು.

ದೊಡ್ಡ ಸೋರಿಕೆ ಪತ್ರಿಕೆಗೆ ಸುದ್ದಿಯಾಗುತ್ತದೆ. ಒಂದು ನಿಮಿಷ ಸೋರಿ ನಿಂತ ಅನಿಲ, ಒಂದು ಗಳಿಗೆಯ ಕೆಮ್ಮು, ಯಾರ ಲೆಕ್ಕಕ್ಕೂ ಸೇರುವುದಿಲ್ಲ. ವಾಸನೆಗೆ ಮೂಗು ಒಗ್ಗಿಹೋಗುವುದರಿಂದ ಕೆಲಸಗಾರನೂ ಅದನ್ನು ಗಣಿಸುವುದಿಲ್ಲ. ಆದರೆ ಇಂಥ ಸಣ್ಣ ಪೆಟ್ಟುಗಳು ಮರುಕಳಿಸಿದಾಗ ಶ್ವಾಸನಾಳ ಕೆರಳಿ, ಉಬ್ಬಸ ನೆಲೆಯೂರಬಹುದು.

1980ರ ದಶಕದಲ್ಲಿ ಕಾಗದದ ಗಿರಣಿಗಳ ಕೊಳೆನೀರಿನಲ್ಲಿ ಡಯಾಕ್ಸಿನ್ ಎಂಬ ವಿಷ ಕಂಡುಬಂತು. ಆ ಬಳಿಕ ಅನೇಕ ದೇಶಗಳ ಗಿರಣಿಗಳು ಕ್ಲೋರಿನ್ನನ್ನು ಬಿಟ್ಟು ಕ್ಲೋರಿನ್ ಡಯಾಕ್ಸೈಡಿಗೆ, ಕೆಲವು ಓಜೋನಿಗೆ ಹೊರಳಿದವು. ನದಿಗೆ ಒಳಿತಾಯಿತು. ಆದರೆ ಈ ಎರಡೂ ಉಸಿರಿಗೆ ಕಟುವಾದವುಗಳೇ. ಓಜೋನ್ ಬಳಸಿದ ಸ್ವೀಡನ್ನಿನ ಗಿರಣಿಗಳಲ್ಲಿ, ಆ ಅನಿಲದ ಪೆಟ್ಟಿಗೆ ಸಿಕ್ಕ ಚೆಲುವೆ ವಿಭಾಗದವರಲ್ಲಿ ಉಬ್ಬಸ ಹೆಚ್ಚಾಗಿ ಕಂಡಿತೆಂದು ಅಲ್ಲಿನ ಸಂಶೋಧಕರು ವರದಿಮಾಡಿದ್ದಾರೆ. ಮೀನಿಗೆ ದೊರೆತ ರಕ್ಷಣೆ ಮನುಷ್ಯನಿಗೆ ತಾನಾಗಿ ದೊರೆಯಲಿಲ್ಲ.

ಮಾಡಬೇಕಾದುದು ಅಸಾಧ್ಯವೇನಲ್ಲ. ಪಾತ್ರೆ ಕೊಳವೆಗಳು ಬಿಗಿಯಾಗಿರಬೇಕು, ಗಾಳಿ ಹೊರಹೋಗಬೇಕು, ಸೋರಿಕೆಯನ್ನು ಯಂತ್ರ ಮೊದಲೇ ಸಾರಬೇಕು. ಮುಖಕ್ಕೆ ಕಟ್ಟಿದ ಬಟ್ಟೆ ಧೂಳನ್ನು ಅಷ್ಟಿಷ್ಟು ತಡೆದೀತೇ ಹೊರತು ಅನಿಲವನ್ನು ತಡೆಯದು; ಅದಕ್ಕೆ ತಕ್ಕ ಮುಖವಾಡವೇ ಬೇಕು. ಎಲ್ಲಕ್ಕೂ ಮಿಗಿಲಾಗಿ, ಒಂದೊಂದು ಸಣ್ಣ ಸೋರಿಕೆಯನ್ನೂ, ಅಂದು ಕೆಮ್ಮಿದವನ ಹೆಸರನ್ನೂ ದಾಖಲೆಯಲ್ಲಿ ಬರೆದಿಡಬೇಕು. ಬರೆಯದ ನೋವಿಗೆ ಸಾಕ್ಷಿಯಿಲ್ಲ. ಸಾಕ್ಷಿಯಿಲ್ಲದ ನೋವಿಗೆ ಪರಿಹಾರವೂ ಇಲ್ಲ.

ಇಟಲಿಯ ವೈದ್ಯ ರಾಮಾಝೀನಿ 1700ರಲ್ಲಿ ಕಸುಬುಗಳ ರೋಗಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದ. ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಿಕೊಳ್ಳಿರೆಂದು ಅವನು ವೈದ್ಯರಿಗೆ ಹೇಳಿದ: ನಿನ್ನ ಕಸುಬು ಯಾವುದು? ಉಬ್ಬಸದಿಂದ ಬಳಲಿ ಬಂದವನನ್ನು ನಮ್ಮೂರಿನ ಆಸ್ಪತ್ರೆಯಲ್ಲಿ ಇಂದೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ.