ಕೈಗೆ ವಾಚು ಕಟ್ಟಿದರೆ ಸಾಕೇ?

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿರುವ ನನ್ನನ್ನು ಊರಿಗೆ ಬಂದಾಗಲೆಲ್ಲ ಜನ ಕೇಳುವುದು ಒಂದೇ: "ಹಾರ್ಟು ನೋಡೋ ವಾಚು ತಗೊಳ್ಳೋದಾ?" ಈ ಪ್ರಶ್ನೆ ಎಲ್ಲಿಂದ ಬಂತೆಂದು ನಿಮಗೆ ಗೊತ್ತು. 2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಲ್ಲಿ ವಯಸ್ಸಿನ ಹುಡುಗರೂ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಮೇಲಿಂದ ಮೇಲೆ ಬಂತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿ ಹೋದರೂ ಅದೇ ಮಾತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಪರಿಶೀಲಿಸಿ, ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲವೆಂದು ಜುಲೈನಲ್ಲಿ ವರದಿ ಕೊಟ್ಟಿತು. ಆದರೂ ಭಯ ಪೂರ್ತಿ ಹೋಗಿಲ್ಲ.

ಈಗ ಮೈಮೇಲೆ, ಮೈಯೊಳಗೆ ಇಡುವ ಸೆನ್ಸರುಗಳು ಬಂದಿವೆ. ಮಣಿಕಟ್ಟಿನಲ್ಲೊಂದು ನಾಡಿ ಎಣಿಸುತ್ತದೆ. ತೋಳಿನ ಚರ್ಮದಡಿ ಕೂದಲೆಳೆಯಂಥ ತಂತಿಯೊಂದು ಕೆಲವು ನಿಮಿಷಕ್ಕೊಮ್ಮೆ ಸಕ್ಕರೆ ಅಂಶ ಅಳೆಯುತ್ತದೆ. ಎದೆಯೊಳಗಿನ ಪೇಸ್‌ಮೇಕರ್ ಬಡಿತ ಕಾಯುತ್ತದೆ. ಇವು ರೇಡಿಯೋ ಅಲೆಗಳ ಮೂಲಕ ಜೇಬಿನ ಫೋನಿಗೋ ಮನೆಯಲ್ಲಿಟ್ಟ ಪೆಟ್ಟಿಗೆಗೋ ಸುದ್ದಿ ಮುಟ್ಟಿಸುತ್ತವೆ. ಇಂಥ ಜಾಲಕ್ಕೆಂದೇ 2012ರಲ್ಲಿ 802.15.6 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು.

ಕೆಲಸ ಸುಲಭವಲ್ಲ. ನಮ್ಮ ದೇಹದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯನ್ನು ಅದು ಹೀರಿಬಿಡುತ್ತದೆ. ಹಾಗಾಗಿ ಒಳಗಿಡುವ ಸಾಧನಗಳಿಗೆ 402ರಿಂದ 405 ಮೆಗಾಹರ್ಟ್ಸ್ ಮೀಸಲಿಟ್ಟರು. ಬ್ಯಾಟರಿಯದು ಇನ್ನೊಂದು ಕಷ್ಟ. 1958ರಲ್ಲಿ ಸ್ವೀಡನ್ನಿನಲ್ಲಿ ದೇಹದೊಳಗೆ ಇಟ್ಟ ಮೊದಲ ಪೇಸ್‌ಮೇಕರ್ ಕೆಲವೇ ಗಂಟೆ ನಡೆಯಿತು. ಆದರೆ ಅದನ್ನು ಹಾಕಿಸಿಕೊಂಡ ಆರ್ನೆ ಲಾರ್ಸನ್ ಒಂದಾದ ಮೇಲೊಂದು ಬದಲಿಸಿಕೊಳ್ಳುತ್ತಾ 2001ರವರೆಗೆ ಬದುಕಿದರು.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಸಿಜಿ ಇರುವ ವಾಚು ಬಡಿತದ ಕೆಲವು ಏರುಪೇರುಗಳನ್ನು ಹಿಡಿಯಬಲ್ಲದು. ಹೃದಯಾಘಾತವನ್ನು ಅದು ಹಿಡಿಯುತ್ತದೆಂದು ನಂಬಬೇಡಿ. ಆಸ್ಪತ್ರೆಯಲ್ಲಿ ಮೈಗೆ ಹತ್ತು ಕಡೆ ತಂತಿ ಜೋಡಿಸಿ ಹೃದಯವನ್ನು ಹನ್ನೆರಡು ಕೋನಗಳಿಂದ ನೋಡುತ್ತಾರೆ. ವಾಚು ನೋಡುವುದು ಒಂದೇ ಕೋನದಿಂದ. ಎದೆ ಹಿಂಡಿದಂತಾಗಿ, ಬೆವರು ಕಿತ್ತು, ನೋವು ತೋಳಿಗೋ ದವಡೆಗೋ ಇಳಿದರೆ, "ವಾಚು ಸರಿ ತೋರಿಸ್ತಿದೆ, ಗ್ಯಾಸ್ಟ್ರಿಕ್ ಇರಬೇಕು" ಎಂದು ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಫೋನ್ ಮಾಡಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಅದು ಫಲ ಕೊಡಬೇಕಾದರೆ ತಡ ಮಾಡಬಾರದು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಎರಡು. ವರ್ಷಕ್ಕೊಮ್ಮೆ ಈ ಶಾಲೆಯಲ್ಲೇ ಊರಿನವರ ಬಿ.ಪಿ., ಸಕ್ಕರೆ ತಪಾಸಣೆ ಮಾಡಿಸೋಣ. ರಾತ್ರಿ ಕರೆದರೆ ಬರುವ ವಾಹನದವರ ಫೋನ್ ನಂಬರುಗಳನ್ನು ಶಾಲೆಯ ಹೊರಗೋಡೆಯ ಮೇಲೆ ದೊಡ್ಡದಾಗಿ ಬರೆಸೋಣ. ಮೊದಲ ವರ್ಷದ ಖರ್ಚು ನನ್ನದು.