ಫೀಸಿನಾಚೆಗೂ ನಮ್ಮ ಹೊಣೆ



ನಮ್ಮ ವಿದ್ಯಾರ್ಥಿವೇತನದಿಂದ ನರ್ಸಿಂಗ್ ಓದಿದ ಕೆಲವು ಹೆಣ್ಣುಮಕ್ಕಳು ಈಗ ಎಆರ್‌ಟಿ ಕೇಂದ್ರಗಳಲ್ಲಿದ್ದಾರೆ. ಎಚ್‌ಐವಿ ಮಾತ್ರೆಗಳನ್ನು ಸರ್ಕಾರ 2004ರಿಂದ ಉಚಿತವಾಗಿ ಕೊಡುತ್ತಿದೆ. ಅವು ತಪ್ಪದಂತೆ ರೋಗಿಗೆ ಧೈರ್ಯ ಹೇಳುವವರು ನರ್ಸ್‌ಗಳು. ರೋಗಿಯ ಗುಟ್ಟನ್ನು ಅವರು ಮನೆಯಲ್ಲೂ ಹೇಳುವಂತಿಲ್ಲ. ಸೂಜಿ ಚುಚ್ಚಿದರೆ 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗುವ ಮಾತ್ರೆಯಿದೆ. ಮನಸ್ಸಿನ ದಣಿವಿಗೆ ಅಂಥದ್ದಿಲ್ಲ. ಅದಕ್ಕೆ ಬೇಕಾದದ್ದು ಸರದಿ ರಜೆ, ಹಿರಿಯ ನರ್ಸ್‌ಗಳ ಆಸರೆ, ಮನೆಯವರ ಪ್ರೀತಿ.

ಪೋಷಕರೇ, ಮುಟ್ಟಿದರೆ, ಜೊತೆಗೆ ಉಂಡರೆ ಎಚ್‌ಐವಿ ಬರುವುದಿಲ್ಲ. ಡ್ಯೂಟಿ ಮುಗಿಸಿ ಬಂದ ಮಗಳಿಗೆ "ನಿನ್ನ ತಟ್ಟೆ ಬೇರೆ ಇಡು" ಎನ್ನಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿಸಿ. ಟ್ರಸ್ಟಿನವರಾದ ನಾವೂ ಫೀಸು ಕಟ್ಟಿ ಸುಮ್ಮನಾಗದೆ, ತಿಂಗಳಿಗೊಮ್ಮೆ ಫೋನ್ ಮಾಡಿ ಅವರ ಕಷ್ಟ ಕೇಳೋಣ.